ಹನ್ನೆರಡನೇ ಕಿವಿಚಿಪ್ಪು

"ಕಣ್ಣು ಬ್ಯಾಡಾಗ್ಯಾವೇನ್ರಿ ನಿಮಗ?"

ಗಂಗಾವತಿಯ ಈಶಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ಅನ್ನಪೂರ್ಣ ಆಡಿದ ಮೊದಲ ಮಾತೇ ಇದು. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ರೈಸ್ ಮಿಲ್ಲಿನ ತಗಡಿಗೆ ಬೆಸುಗೆ ಹಾಕುತ್ತ ಕೂತಿದ್ದ ಗಾಳೇಶ ತಲೆಯೆತ್ತಿದ. ಕಣ್ಣೆರಡೂ ಕೆಂಪಡರಿದ್ದವು.

"ಕಣ್ಣ ಮ್ಯಾಲ ಆಲೂಗಡ್ಡಿ ಬಿಲ್ಲಿ ಇಟ್ಕೊಂಡು ಮಲಗಿದ್ರ ಮುಂಜಾನಿಗೆ ಛಲೋ ಆಗ್ತಾವ್ರಿ ಮೇಡಂ."

ಅವಳಿಗೆ ಸಿಟ್ಟು ಬಂತು, ಬೆನ್ನಿಗೇ ನಗುವೂ ಬಂತು. ಒಬ್ಬನ ಮೇಲೆ ಎರಡೂ ಒಟ್ಟಿಗೇ ಬಂದರೆ ಮುಂದೇನಾಗುತ್ತದೆ ಎಂದು ಬಿಡಿಸಿ ಹೇಳಬೇಕೆ!

ಅನ್ನಪೂರ್ಣ ಕೊಪ್ಪಳದ ಕಾಲೇಜೊಂದರ ಲ್ಯಾಬಿನಲ್ಲಿ ಬೆಸುಗೆಗಾರರಿಗಾಗಿ ಕಡಿಮೆ ಬೆಲೆಯ ಹೆಲ್ಮೆಟ್ ಮತ್ತು ಗದ್ದಲ ತಡೆಯಲು ಕಿವಿ ಮುಚ್ಚುವ ಇಯರ್‌ಮಫ್ ತಯಾರಿಸುತ್ತಿದ್ದಳು. ಪರೀಕ್ಷೆಗೆ ನಿಜವಾದ ಗದ್ದಲ ಬೇಕಿತ್ತು. ಹಾಗಾಗಿ ಪ್ರತಿ ಶನಿವಾರ ಈಶಪ್ಪನ ಅಂಗಡಿಗೆ ಬರತೊಡಗಿದಳು. ಹೆಲ್ಮೆಟ್ ಗಾಳೇಶನ ತಲೆಗೆ, ಇಯರ್‌ಮಫ್ ಅವಳ ಕಿವಿಗೆ. ಅದಕ್ಕೆ ಅವನಿಟ್ಟ ಹೆಸರು ಕಿವಿಚಿಪ್ಪು.

ಈಶಪ್ಪ ಗ್ರೈಂಡರ್ ಓಡಿಸುತ್ತಿದ್ದ. ಗಾಳೇಶ ಒಂದು ಮಾತು ಆಡಿ, ಅದನ್ನು ತನ್ನ ವಹಿಯಲ್ಲಿ 'ಹೇಳಿದ್ದು' ಎಂಬುದರ ಕೆಳಗೆ ಬರೆಯಬೇಕು. ಅವಳು ತನಗೆ ಕೇಳಿಸಿದ್ದನ್ನು ತನ್ನ ವಹಿಯಲ್ಲಿ 'ಕೇಳಿಸಿದ್ದು' ಎಂಬುದರ ಕೆಳಗೆ ಬರೆಯಬೇಕು. ಕೊನೆಗೆ ಎರಡೂ ವಹಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಮಾತು ಕೇಳಿಸಿತೆಂದರೆ ಗದ್ದಲವೂ ಒಳಗೆ ನುಗ್ಗಿದೆ, ಚಿಪ್ಪು ಸೋತಿದೆ ಎಂದೇ ಅರ್ಥ.

ಹನ್ನೊಂದು ಚಿಪ್ಪುಗಳು ಸೋತವು. ಚಾ ತರಿಸಲೇ ಎಂದದ್ದು, ಸಾಣಾಪುರದ ಕೆರೆ ನೋಡಿದ್ದೀರಾ ಎಂದದ್ದು, ತನ್ನ ಮದುವೆಗಾಗಿ ಅವ್ವ ಹೇಮಗುಡ್ಡದ ದೇವಿಗೆ ಹರಕೆ ಹೊತ್ತಿದ್ದಾಳೆ ಎಂದದ್ದು... ಎಲ್ಲವೂ ಅವಳಿಗೆ ಕೇಳಿಸಿತ್ತು. ಹರಕೆಯ ಮಾತು ಬರೆಯುವಾಗ ಮಾತ್ರ ಅವಳು ತಲೆ ಎತ್ತಿರಲಿಲ್ಲ.

ಹನ್ನೆರಡನೆಯದಕ್ಕೆ ಅವಳು ಹೊಸ ಸ್ಪಂಜು ತುಂಬಿದ್ದಳು. ಗಾಳೇಶನಿಗೆ ಅದನ್ನು ಹೇಳಿರಲಿಲ್ಲ. ಅವನನ್ನು ಬೆರಗುಗೊಳಿಸುವ ಆಸೆ!

ಅಂದು ಅವನು ಹೆಲ್ಮೆಟ್ಟಿನ ಮುಖಗವಸು ಇಳಿಸಿಕೊಂಡೇ ಏನೋ ಹೇಳಿದ. ತುಟಿ ಕಾಣಲಿಲ್ಲ. ಒಂದಕ್ಷರವೂ ಕೇಳಿಸಲಿಲ್ಲ. ಗೆದ್ದೆವು ಎನ್ನುವ ಖುಷಿಗೆ ಅವಳು ನಗುತ್ತ ಎರಡೂ ಕೈ ಅಡ್ಡ ಆಡಿಸಿದಳು... ಇಲ್ಲ, ಇಲ್ಲ ಎಂದು.

ಗಾಳೇಶ ವಹಿಯಲ್ಲಿ ಬರೆದ. ಹೆಲ್ಮೆಟ್ ಮೊಳೆಗೆ ತೂಗುಹಾಕಿ ಹೊರಟ. ಚಾ ತರಲು ಹೋದನೆಂದು ಅವಳು ಸಂಜೆಯವರೆಗೆ ಕಾದಳು.

ಮುಂದಿನ ಶನಿವಾರ ಅವನಿರಲಿಲ್ಲ, ಅವನ ವಹಿಯೂ ಕಾಣಲಿಲ್ಲ. ಕುಷ್ಟಗಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಶೆಡ್ಡಿಗೆ ಕೆಲಸಕ್ಕೆ ಹೋದನೆಂದು ಈಶಪ್ಪ ಹೇಳಿದ. ನನಗೊಂದು ಮಾತೂ ಹೇಳಲಿಲ್ಲವಲ್ಲ! ಹೇಳದೆ ಹೋದವನಿಗೆ ನಾನೇಕೆ ಫೋನ್ ಮಾಡಲಿ? ಅವನ ನಂಬರಿನ ಮೇಲೆ ಎಷ್ಟೋ ಸಲ ಬೆರಳು ಬಂದು ನಿಂತಿತು, ಒತ್ತಲಿಲ್ಲ. ಹಟ ಮಾಡುತ್ತಲೇ ಮೂರು ವರ್ಷ ಕಳೆದವು.

ಅಷ್ಟರಲ್ಲಿ ಕಿವಿಚಿಪ್ಪು ಮಾರಾಟಕ್ಕೆ ಸಿದ್ಧವಾಯಿತು. ಮೊದಲ ಪೆಟ್ಟಿಗೆಯನ್ನು ಅವಳು ಈಶಪ್ಪನಿಗೇ ಒಯ್ದಳು. ಅವನು ಹೊಸ ಚಿಪ್ಪಿಗೆ ಜಾಗ ಮಾಡಲು ಮೊಳೆಯ ಮೇಲಿನ ಹಳೆಯ ಹೆಲ್ಮೆಟ್ ಇಳಿಸಿದ. ಒಳಗಿಂದ ಗಾಳೇಶನ ವಹಿ ಬಿತ್ತು.

ಹನ್ನೊಂದು ಸಾಲುಗಳು ಅವಳಿಗೆ ಗೊತ್ತಿದ್ದವೇ. ಹನ್ನೆರಡನೆಯದು:

'ಅನ್ನಪೂರ್ಣಾರ, ನನ್ನ ಕೂಡ ಬಾಳ್ವಿ ಮಾಡ್ತೀರೇನ್ರಿ?'

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಕೇಳಿಸಿತು. ನಕ್ಕು ಒಲ್ಲೆ ಅಂದ್ರು.'

ಅವಳು ಅಂಗಡಿಯ ಕಟ್ಟೆಯ ಮೇಲೆ ವಹಿ ಹಿಡಿದು ಕೂತಳು. ಅದೇ ದಿನ ತನ್ನ ವಹಿಯಲ್ಲಿ ಬರೆದದ್ದು ನೆನಪಿತ್ತು: 'ಏನೂ ಕೇಳಿಸಲಿಲ್ಲ. ಗೆದ್ದೆವು!' ಅಯ್ಯೋ... ಒಂದು ಚಿಪ್ಪನ್ನಾದರೂ ಎತ್ತಿ, ಏನಂದಿರಿ ಎಂದು ಕೇಳಬಾರದಿತ್ತೇ? ಹೊಸ ಸ್ಪಂಜಿನ ಸಂಗತಿಯನ್ನು ಮೊದಲೇ ಹೇಳಬಾರದಿತ್ತೇ?

ಮರುದಿನವೇ ಕುಷ್ಟಗಿಯ ಬಸ್ಸು ಹತ್ತಿದಳು, ಚೀಲದಲ್ಲಿ ಎರಡೂ ವಹಿಗಳು.

ಶೆಡ್ಡಿನಲ್ಲಿ ಗಾಳೇಶ ಬೆನ್ನು ಹಾಕಿ ನಿಂತಿದ್ದ. ಎಡಗಡೆಯಿಂದ ಹೋಗಿ ಕರೆದಳು. ತಿರುಗಲಿಲ್ಲ. ಇನ್ನೂ ಸಿಟ್ಟಿರಬೇಕೆಂದುಕೊಂಡು ಎದುರಿಗೆ ಹೋಗಿ ನಿಂತಳು. ಅವಳನ್ನು ಕಂಡು ಅವನ ಕೈಯ ಸುತ್ತಿಗೆ ಕೆಳಗಿಳಿಯಿತು.

"ಬಲಗಡಿ ಬರ್ರಿ. ಎಡಗಿವಿ ಹೋಗೇತ್ರಿ."

"ಚಿಪ್ಪು ಹಾಕ್ಕೊಳ್ಳಿಲ್ಲೇನ್ರಿ?"

"ಶೆಡ್ಡಿನಾಗ ಒಂದು ಕೊಟ್ಟಿದ್ರು. ಅದನ್ನ ಕೈಯಾಗ ಹಿಡದ್ರ ನೀವು ಕೈ ಆಡಿಸಿದ್ದು ನೆನಪಾಗ್ತಿತ್ರಿ..."

ಊರ ಮಂದಿಯ ಕಿವಿ ಉಳಿಸಲು ಹೊರಟವಳು ಇವನ ಕಿವಿ ಉಳಿಸಲಿಲ್ಲ. ಅವಳು ಎರಡೂ ವಹಿಗಳನ್ನು ಟ್ರಾಲಿಯ ಮೇಲೆ ಹಿಂದಿನಂತೆಯೇ ಪಕ್ಕಪಕ್ಕ ತೆರೆದಿಟ್ಟಳು.

ಅವನು ಅವಳ ಸಾಲನ್ನು ಎರಡೆರಡು ಸಲ ಓದಿದ.

"ಕೇಳಿಸಿರಲಿಲ್ಲೇನ್ರಿ?"

"ಒಂದಕ್ಷರನೂ ಕೇಳಿಸಿರಲಿಲ್ರಿ."

ಅವನ ಕಣ್ಣುಗಳು ಮತ್ತೆ ಕೆಂಪಾಗಿದ್ದವು, ಈ ಸಲ ಬೆಸುಗೆಯಿಂದಲ್ಲ.

"ಮಾರಿ ತೋರ್ಸಿ ಕೇಳಬೇಕಿತ್ರಿ ನಾನು. ಧೈರ್ಯ ಸಾಲಲಿಲ್ಲ."

"ಈಗ ಕೇಳ್ರಿ."

ಮುಖಕ್ಕೆ ಯಾವ ಮರೆಯೂ ಇಲ್ಲದೆ, ತಡವರಿಸುತ್ತ, ಅವನು ಹನ್ನೆರಡನೇ ಸಾಲನ್ನು ಮತ್ತೆ ಹೇಳಿದ. ನಾಚಿಕೆಯ ಭರದಲ್ಲಿ ಅವಳು ಮರೆತು ಎಡಗಿವಿಯ ಹತ್ತಿರವೇ ಬಾಗಿ ಉತ್ತರ ಹೇಳಿಬಿಟ್ಟಳು.

ಗಾಳೇಶ ಕೈ ಅಡ್ಡ ಆಡಿಸಿದ... ಕೇಳಿಸಲಿಲ್ಲ ಎಂದು.

ಆ ಕೈ ಕಂಡು ಅವಳ ಎದೆ ಧಸಕ್ಕೆಂದಿತು. ಮೂರು ವರ್ಷ ಅವನು ಹೊತ್ತು ತಿರುಗಿದ್ದು ಏನೆಂದು ಆಗ ತಿಳಿಯಿತು. ಸುತ್ತಿ ಬಲಗಡೆ ಬಂದು, ನಿಧಾನವಾಗಿ ಹೇಳಿದಳು.

"ಹೂಂನ್ರಿ. ಬಾಳ್ವಿ ಮಾಡ್ತೀನಿ."

"ಇನ್ನೊಮ್ಮೆ ಹೇಳ್ರಿ."

"ಈಗೂ ಕೇಳಿಸಲಿಲ್ಲೇನ್ರಿ?"

"ಕೇಳಿಸ್ತ್ರಿ," ಎಂದು ಅವನು ಅವಳ ಪೆನ್ನು ಇಸಿದುಕೊಂಡ. "ವಹಿಯಾಗ ಬರಿಯೂದೈತಿ. ಈ ಸಲ ತಪ್ಪಬಾರದು."