ಗಿಡ್ಡ ಹಾಳೆಗಳು

ಹಾಳೆಗಳ ಕಟ್ಟನ್ನು ಬೈಂಡರಮ್ಮ ಮೇಜಿನ ಮೇಲೆ ಮೂರನೆಯ ಸಲ ಕುಟ್ಟಿದಳು. ಬುಡ ಸಮನಾಯಿತು. ಎರಡೂ ಮಗ್ಗುಲು ಸಮನಾದವು. ತಲೆ ಮಾತ್ರ ಆಗಲಿಲ್ಲ. ಹಲ್ಲುದುರಿದ ಬಾಯಿಯ ಹಾಗೆ ಅಲ್ಲಲ್ಲಿ ತಗ್ಗು.

ಅವಳು ಸೂಜಿಯನ್ನು ಕೆಳಗಿಟ್ಟಳು. ಈ ಹಾಳೆಗಳನ್ನು ಕತ್ತರಿಸಿಕೊಟ್ಟವಳು ಅವಳೇ. ಒಂದೇ ಅಳತೆ, ಒಂದೇ ಅಲಗು. ಕಾಲೇಜಿನ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಲೇ ತಲೆ ನರೆತವಳ ಕೈ ಅಷ್ಟು ಸುಲಭಕ್ಕೆ ತಪ್ಪುವಂಥದಲ್ಲ.

ಗಿಡ್ಡ ಹಾಳೆಗಳನ್ನು ಮಾತ್ರ ಆರಿಸಿ ತೆಗೆದಳು. ಕನ್ನಡಕ ಏರಿಸಿ ಓದಿದಳು. ‘ಇಲ್ಲಿ ನಾವೆಲ್ಲ ಒಂದೇ ಮನೆಯವರ ಹಾಗಿದ್ದೇವೆ.’ ‘ನಾನು ಬೇರೆ ಮತದವಳಾದರೂ ಯಾರೂ ಬೇರೆಯಾಗಿ ನೋಡಿಲ್ಲ.’ ‘ನನ್ನ ಭಾಷೆ ಬೇರೆ, ಆದರೂ ಸುಖವಾಗಿದ್ದೇನೆ.’

ಗಿಡ್ಡದ್ದೆಲ್ಲ ಸಿಹಿ. ಉದ್ದದ್ದರಲ್ಲಿ ಸಿಹಿಯೂ ಇತ್ತು, ಹುಳಿಯೂ ಇತ್ತು.

ಕಟ್ಟನ್ನು ಎದೆಗವಚಿಕೊಂಡು ಅವಳು ಪ್ರಿನ್ಸಿಪಾಲರ ಕೋಣೆಯ ಕಡೆ ನಡೆದಳು.

ಎಂಟು ತಿಂಗಳ ಹಿಂದೆ ಹಾಸ್ಟೆಲಿನ ತಾರಸಿಯಿಂದ ಬಿದ್ದು ಒಬ್ಬ ಹುಡುಗಿ ಸತ್ತಿದ್ದಳು. ಬೇರೆ ಮತ, ಬೇರೆ ಭಾಷೆ, ದೂರದ ಊರು. ಕಾಲು ಜಾರಿತು ಎಂದಿತು ಕಾಲೇಜು. ಹುಡುಗಿಯ ತಾಯಿಯಿಂದ ಕಾಗದ ಬಂತು: ‘ನನ್ನ ಮಗಳನ್ನು ಅಲ್ಲಿ ಹೇಗೆ ನಡೆಸಿಕೊಂಡಿರಿ? ನಿಜ ಬರೆಯಿರಿ.’ ಪ್ರಿನ್ಸಿಪಾಲ್ ಸಿಸ್ಟರಿಗೆ ಉತ್ತರ ಬರೆಯಲಾಗಲಿಲ್ಲ. ನಿಜ ಏನೆಂದು ಅವರಿಗೇ ಗೊತ್ತಿರಲಿಲ್ಲ. ಕೊನೆಗೆ, ಬುಡದಲ್ಲಿ ಕಾಲೇಜಿನ ಮುದ್ರೆ ಒತ್ತಿದ ಒಂದೊಂದು ಖಾಲಿ ಹಾಳೆಯನ್ನು ಎಲ್ಲ ವಿದ್ಯಾರ್ಥಿನಿಯರಿಗೂ ಕೊಟ್ಟು, ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಸಿದ್ದರು: ‘ಈ ಕಾಲೇಜಿನಲ್ಲಿ ನೀನು ಹೇಗಿದ್ದೀಯ?’ ಹೆಸರು ಬೇಡ. ಬರೆದು ಬೀಗದ ಪೆಟ್ಟಿಗೆಗೆ ಹಾಕಿದರಾಯಿತು.

ಎಲ್ಲರೂ ಬರೆದಿದ್ದರು; ಆ ಹಾಳೆಗಳೇ ಹೊಲಿಗೆಗೆಂದು ಬೈಂಡರಮ್ಮನ ಕೈಗೆ ಬಂದಿದ್ದವು. ಎಲ್ಲ ಚೆನ್ನಾಗಿದೆಯಂತೆ. ಆ ತಾಯಿಗೆ ಹಾಗೆಂದೇ ಉತ್ತರ ಹೋಗುವುದು ಇವತ್ತು.

ಕೋಣೆಯಲ್ಲಿ ಸತ್ತ ಹುಡುಗಿಯ ರೂಮಿನ ಗೆಳತಿ ನಿಂತಿದ್ದಳು. ಕೆನ್ನೆ ಒದ್ದೆ, ದನಿ ಮಾತ್ರ ಗಟ್ಟಿ.

“ಹಾಳೆ ಎರಡೂ ಕಡೆ ತುಂಬ ಬರೆದಿದ್ದೆ ಸಿಸ್ಟರ್. ಊಟದ ಹಾಲ್‌ನಲ್ಲಿ ಅವಳು ಬಂದ್ರೆ ಕುರ್ಚಿ ಎಳ್ಕೊಂಡು ಎದ್ದುಹೋಗ್ತಿದ್ರು ಅಂತ. ಒಣಗಿದ ಬಟ್ಟೆ ತೆಗೆದು ಮಣ್ಣಿಗೆ ಹಾಕ್ತಿದ್ರು ಅಂತ. ನಾನೊಬ್ಬಳೇ ಅಲ್ಲ, ತುಂಬ ಜನ ಬರೆದ್ರು.”

“ಇಡೀ ಕಟ್ಟು ಓದಿದೆ ಮಗು. ಅಂಥದ್ದು ಒಂದೂ ಇಲ್ಲ.”

“ಹಾಗಾದ್ರೆ ನಾನು ಸುಳ್ಳಿ?”

ಬಾಗಿಲಿಗೊರಗಿದ್ದ ಹೆಡ್ ಕ್ಲಾರ್ಕ್ ಗೊಣಗಿದ: “ಈ ಜನಾನೇ ಹೀಗೆ. ಉಂಡ ಮನೆಗೆ ಎರಡು ಬಗೆಯೋದು.”

ಬೈಂಡರಮ್ಮ ಕಟ್ಟನ್ನು ಮೇಜಿನ ಮೇಲಿಟ್ಟಳು. “ಸುಳ್ಳು ಹೇಳ್ತಿರೋದು ಹುಡುಗಿ ಅಲ್ಲ ಸಿಸ್ಟರ್. ಈ ಹಾಳೆಗಳು.”

ಅವಳು ತೋರಿಸಿದಳು. ಗಿಡ್ಡ ಹಾಳೆಗಳ ತಲೆಯಿಂದ ಅರ್ಧ ಬೆರಳಿನಷ್ಟು ಕತ್ತರಿಸಿ ಹೋಗಿತ್ತು.

“ಪೆಟ್ಟಿಗೆ ಎಲ್ಲಿತ್ತು ಸಿಸ್ಟರ್?”

“ಇದೇ ಕೋಣೆಯಲ್ಲಿ, ಅದರ ಬೀಗದ ಕೈ ಈ ಮೇಜಿನ ಖಾನೆಯಲ್ಲಿ. ಆ ವಾರ ಮೂರು ದಿನ ನಾನು ಊರಲ್ಲಿರಲಿಲ್ಲ.”

“ಕೋಣೆ ಬೀಗದ ಕೈ?”

“ಮೂವರ ಹತ್ತಿರ ಇತ್ತು. ಹೆಡ್ ಕ್ಲಾರ್ಕ್, ವಿದ್ಯಾರ್ಥಿ ಸಂಘದ ಅಧ್ಯಕ್ಷೆ, ವಾರ್ಡನ್ ಸಿಸ್ಟರ್.”

“ಮುದ್ರೆ ಒತ್ತಿದ ಹಾಳೆ ಮಿಕ್ಕಿತ್ತಾ?”

“ಇಪ್ಪತ್ತೈದೋ ಏನೋ, ಕಪಾಟಿನಲ್ಲಿತ್ತು.” ಪ್ರಿನ್ಸಿಪಾಲರು ಎದ್ದು ಕಪಾಟು ತೆರೆದರು. “ಅಯ್ಯೋ— ಒಂದೂ ಇಲ್ಲ!”

ಅವರು ಎದ್ದಾಗ ಮೇಜಿನ ಮೇಲಿದ್ದ ಕಾಗದಗಳು ಕಾಣಿಸಿದವು. ಆ ತಾಯಿಗೆ ಬರೆಯಲು ಹೊರಟು ಬಿಟ್ಟದ್ದು. ಪ್ರತಿಯೊಂದರ ನೆತ್ತಿಗೂ ಒಂದು ಪುಟ್ಟ ಶಿಲುಬೆ, ಅದರ ಕೆಳಗೆ ‘ಪ್ರೀತಿಯ ತಾಯಿಗೆ’, ಆಮೇಲೆ ಏನೂ ಇಲ್ಲ.

ಬೈಂಡರಮ್ಮ ಗಿಡ್ಡ ಹಾಳೆಯೊಂದರ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು.

“ಉಳಿದಿಬ್ಬರನ್ನೂ ಕರೆಸಿ ಸಿಸ್ಟರ್,” ಎಂದಳು.

ಅಧ್ಯಕ್ಷೆ ಬಂದಳು. ಕೂರು ಎನ್ನುವ ಮೊದಲೇ ಕೂತಳು. “ನಾವು ಅವಳ ಪಕ್ಕ ಕೂರ್ತಿರಲಿಲ್ಲ, ನಿಜ. ಅದೇನು ಅಪರಾಧನಾ? ನನ್ನ ಹಾಳೇಲೇ ಬರೆದಿದೀನಿ ನೋಡಿ, ‘ಅವಳಿಗೆ ನಮ್ಮ ಜೊತೆ ಹೊಂದ್ಕೊಳ್ಳೋಕೆ ಬರಲಿಲ್ಲ’ ಅಂತ. ಹೆದರಿಕೊಂಡು ಕತ್ತರಿಸೋಳಲ್ಲ ನಾನು.”

ಅವಳ ಹಾಳೆ ಕಟ್ಟಿನಲ್ಲಿತ್ತು. ಪೂರ್ತಿ ಉದ್ದದ್ದು.

ವಾರ್ಡನ್ ಸಿಸ್ಟರ್ ಕೋಲೂರಿಕೊಂಡು ಬಂದರು. ಸತ್ತ ಹುಡುಗಿಯ ಮುಖ ಒರೆಸಿ, ತಲೆ ಬಾಚಿ ಕಳಿಸಿಕೊಟ್ಟವರು ಅವರೇ. ಯಾರಿಗೂ ಅವರತ್ತ ಬೆರಳು ಮಾಡುವ ಮನಸ್ಸಿರಲಿಲ್ಲ.

“ಕ್ಲಾರ್ಕ್ ಸಾಹೇಬ್ರೇ,” ಎಂದಳು ಬೈಂಡರಮ್ಮ, “ಬರೆಯೋಕೆ ಕೂತ್ರೆ ಹಾಳೆಯ ಮೇಲ್ತುದಿಗೆ ನೀವು ಏನು ಬರೀತೀರಿ?”

“ತಾರೀಖು. ಇನ್ನೇನು, ಜಾತಕನಾ?”

“ನೀನು ಮಗಾ?”

“ಏನೂ ಇಲ್ಲ. ನೆಟ್ಟಗೆ ಶುರು ಮಾಡ್ತೀನಿ,” ಎಂದಳು ಅಧ್ಯಕ್ಷೆ.

“ನೋಡಿ ಸಿಸ್ಟರ್. ನಿಜದ ಹಾಳೆ ತೆಗೆದು ಈ ಗಿಡ್ಡದ್ದನ್ನ ತುಂಬಿದವರು ಒಬ್ರೇ; ಗುರುತು ಸಿಗದಿರಲಿ ಅಂತ ಅಕ್ಷರ ಬದಲಾಯಿಸಿದ್ರು. ಒಂದು ಓರೆ, ಒಂದು ದುಂಡಗೆ, ಒಂದು ಕೋಳಿ ಕೆದಕಿದ ಹಾಗೆ. ಶಾಯಿನೂ ಬದಲಾಯಿಸಿದ್ರು. ಅಷ್ಟು ಜಾಣರು ಆಮೇಲೆ ಕತ್ತರಿ ಹಿಡಿದು ತಲೆ ಯಾಕೆ ಕತ್ತರಿಸಿದ್ರು? ಅಲ್ಲಿ ಏನೋ ಇತ್ತು, ಅದಕ್ಕೆ. ತಾರೀಖಾಗಿದ್ರೆ ಇದ್ರೂ ನಷ್ಟ ಇರಲಿಲ್ಲ. ಹೆಸರಂತೂ ಯಾರೂ ಬರೆಯಲ್ಲ. ತಾನು ಬರೆದೆ ಅಂತ ಕೈಗೇ ಗೊತ್ತಾಗದೆ, ಉಸಿರಾಡಿದ ಹಾಗೆ ಬರೆದಿದ್ದು ಅದು. ಎಲ್ಲ ಮುಗಿದ ಮೇಲೆ ಕಣ್ಣಿಗೆ ಬಿತ್ತು. ಬೇರೆ ಬರೆಯೋಣ ಅಂದ್ರೆ ಮುದ್ರೆಯ ಹಾಳೆ ಉಳಿದಿರಲಿಲ್ಲ.”

ಒಂದು ಹಾಳೆಯನ್ನು ಅವಳು ಬೆಳಕಿಗೆ ಹಿಡಿದಳು. ಅಂಕುಡೊಂಕಾದ ಅಂಚಿನಲ್ಲಿ, ನಟ್ಟನಡುವೆ, ಎಳ್ಳಿನಷ್ಟು ಶಾಯಿ. ಮೇಲಿನಿಂದ ಇಳಿದು ಬಂದ ಗೆರೆಯ ಕಾಲು.

ಪ್ರಿನ್ಸಿಪಾಲರು ತಮ್ಮ ಕಾಗದಗಳನ್ನು ನೋಡಿದರು. “ಶಿಲುಬೆ! ಆದರೆ... ನಾನೂ ಹಾಕ್ತೀನಿ.”

“ನೀವು ಊರಲ್ಲಿರಲಿಲ್ಲ ಸಿಸ್ಟರ್.”

ಬೈಂಡರಮ್ಮ ವಾರ್ಡನ್ ಸಿಸ್ಟರ್ ಕಡೆ ತಿರುಗಿದಳು.

“ಸಂಜೆ ಪಾಠದಲ್ಲಿ ನಂಗೆ ಅ ಆ ತಿದ್ದಿಸಿದ್ದು ನೀವು, ಸಿಸ್ಟರಮ್ಮ. ಹಾಳೆ ತಗೊಂಡ ಕೂಡ್ಲೇ ಮೊದಲು ಶಿಲುಬೆ ಹಾಕ್ತಿದ್ರಿ. ನಾನು ಬೇರೆಯವಳು ಅಂತ ಅಳುಕಿದಾಗ, ‘ನೀನು ನಿನ್ನ ದೇವರ ಗುರುತು ಹಾಕ್ಕೋ, ಅವನಿಗೂ ಓದೋಕೆ ಬರುತ್ತೆ’ ಅಂದ್ರಿ. ಆವತ್ತು ನಕ್ಕಿದ್ದೆ.”

ವಾರ್ಡನ್ ಸಿಸ್ಟರ್ ಕೋಲನ್ನು ಮೇಜಿಗೊರಗಿಸಿ ಕೂತರು.

“ಅದರಲ್ಲಿ ನಾನಿದ್ದೆ,” ಎಂದರು ವಾರ್ಡನ್ ಸಿಸ್ಟರ್. “ಹುಡುಗೀರು ದೂರಿ ಬರೆದ ಪ್ರತಿ ಹಾಳೇಲೂ. ಆ ಮಗು ಎರಡು ಸಲ ನನ್ನ ಹತ್ರ ಬಂದು ಹೇಳ್ಕೊಂಡಿತ್ತು. ಸಹಿಸ್ಕೋ, ಎಲ್ಲ ಸರಿಹೋಗುತ್ತೆ ಅಂದೆ. ಮೂರನೇ ಸಲ ಬಂದಾಗ... ಸಾಕಾಗಿತ್ತು ನಂಗೆ. ಒಳಗೇ ಇದ್ದೆ. ಬಾಗಿಲು ತೆಗೀಲಿಲ್ಲ.”

“ಅವಳು ಬಿದ್ದ ದಿನವೇ?” ಪ್ರಿನ್ಸಿಪಾಲರು ಕೇಳಿದರು.

“ಅವತ್ತೇ. ಕಾಲೇಜಿನ ಹೆಸರು ಹಾಳಾಗ್ಬಾರ್ದು ಅಂತ ಹಾಳೆ ಬದಲಾಯಿಸಿದೆ ಅಂದ್ಕೊಂಡಿದ್ದೆ. ಅಲ್ಲ. ನನ್ನ ಹೆಸರಿಗೆ ಹೆದರಿದೆ.”

“ನಮ್ಮ ಹಾಳೆಗಳು?” ಗೆಳತಿ ಕೇಳಿದಳು.

“ಒಲೆಗೆ ಹಾಕಿದೆ.”

“ಓದಿದ್ರಾ?”

“ಓದಿದೆ.”

“ಎಲ್ಲಾ?”

“ಎಲ್ಲಾ. ಕಣ್ಣು ಮುಚ್ಚಿದ್ರೆ ಅವೇ ಕಾಣ್ತವೆ. ಒಂದಕ್ಷರ ಮರೆತಿಲ್ಲ.”

ಹುಡುಗಿ ಮೇಜಿನ ಮೇಲಿದ್ದ ಖಾಲಿ ಹಾಳೆಗಳನ್ನು ಅವರ ಮುಂದಕ್ಕೆ ತಳ್ಳಿದಳು. “ಬರೀರಿ.”

ಹೆಡ್ ಕ್ಲಾರ್ಕ್ ಏನೋ ಹೇಳಲು ಬಾಯಿ ತೆರೆದ. ಪ್ರಿನ್ಸಿಪಾಲರು ಅವನಿಗೆ ಬಾಗಿಲು ತೋರಿಸಿದರು. ಅಧ್ಯಕ್ಷೆ ಎದ್ದಳು. “ನೀನು ಕೂತಿರು,” ಎಂದರು ಅವಳಿಗೆ. “ಕೇಳು.”

ವಾರ್ಡನ್ ಸಿಸ್ಟರ್ ಬರೆದರು. ಬರೆದದ್ದನ್ನು ಒಂದೊಂದೇ ಸಾಲು ಬಾಯಿಬಿಟ್ಟು ಓದಿದರು. ಗೆಳತಿ ಪಕ್ಕದಲ್ಲೇ ಕೂತು, ತಪ್ಪಿದಲ್ಲಿ ತಡೆದಳು. “ಬಟ್ಟೆ ಬಿತ್ತು ಅಂತಲ್ಲ ಸಿಸ್ಟರ್. ಹಾಕಿದ್ರು ಅಂತ ಬರೆದಿದ್ದೆ.” ಅವರು ಹೊಡೆದುಹಾಕಿ ತಿದ್ದಿದರು. ಹನ್ನೊಂದನೆಯ ಹಾಳೆಗೆ ಬರುವಾಗ ಅಧ್ಯಕ್ಷೆ ತಲೆ ತಗ್ಗಿಸಿದ್ದಳು. ಮುಚ್ಚಿದ ಬಾಗಿಲಿನ ಮಾತು ಯಾವ ಹುಡುಗಿಗೂ ಗೊತ್ತಿರಲಿಲ್ಲ. ಅದನ್ನು ವಾರ್ಡನ್ ಸಿಸ್ಟರ್ ಕೊನೆಯಲ್ಲಿ ತಾವಾಗಿ ಬರೆದು, ಕೆಳಗೆ ರುಜು ಹಾಕಿದರು.

ಮೇಜಿನ ಇನ್ನೊಂದು ತುದಿಯಲ್ಲಿ ಪ್ರಿನ್ಸಿಪಾಲರು ಬರೆಯುತ್ತಿದ್ದರು. ಈ ಸಲ ಎಲ್ಲೂ ನಿಲ್ಲಲಿಲ್ಲ. ‘ನಿಮ್ಮ ಮಗಳನ್ನು ನಾವು ಚೆನ್ನಾಗಿ ನಡೆಸಿಕೊಳ್ಳಲಿಲ್ಲ. ಹೇಗೆಂದು ಇದರ ಜೊತೆಗಿರುವ ಹಾಳೆಗಳಲ್ಲಿದೆ. ಇದನ್ನು ಹಿಡಿದು ನೀವು ಯಾರ ಬಳಿ ಹೋದರೂ ನಾನು ಬಂದು ಹೌದು ಎನ್ನುತ್ತೇನೆ.’

ಅಂಚೆ ಕಚೇರಿ ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೈಂಡರಮ್ಮ ಲಕೋಟೆ ಹಿಡಿದು ಸಾಲಿನಲ್ಲಿ ನಿಂತಳು.

“ರಿಜಿಸ್ಟರಾ? ನಾಳೆ ಬನ್ನಿ ಅಜ್ಜಿ, ಚೀಲ ಕಟ್ತಾ ಇದೀವಿ,” ಎಂದ ಕಿಟಕಿಯವನು.

“ಕಟ್ಟಪ್ಪಾ. ಇದನ್ನ ಹಾಕ್ಕೊಂಡು ಕಟ್ಟು. ಎಂಟು ತಿಂಗಳಾಯ್ತು.”

ಅವನು ಅವಳ ಮುಖ ನೋಡಿದ. ಲಕೋಟೆ ಈಸಿಕೊಂಡು ತೂಗಿದ, ಅಂಚೆಚೀಟಿ ಅಂಟಿಸಿದ, ಎರಡು ಸಲ ಠಸ್ಸೆ ಒತ್ತಿ ಚೀಲಕ್ಕೆ ಎಸೆದ. ರಸೀದಿ ಕೊಟ್ಟರೂ ಬೈಂಡರಮ್ಮ ಕದಲಲಿಲ್ಲ. ಚೀಲದ ಬಾಯಿಗೆ ದಾರ ಬಿತ್ತು, ಗಾಡಿ ಬಂತು, ಚೀಲ ಏರಿತು. ಗಾಡಿ ತಿರುವು ದಾಟಿದ ಮೇಲೆ ಅವಳು ಮೆಟ್ಟಿಲಿಳಿದಳು.