ಏಳನೇ ಪ್ರಶ್ನೆಗೆ ಅವನ ಉತ್ತರ

"ನಾಳೆ ಆ ಸಮ್ಮೇಳನದಲ್ಲಿ ನೀವು ಬಾಯಿ ಬಿಡೋ ಹಾಗಿಲ್ಲ."

ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಹಾಗೆಂದವನನ್ನು ಅವಳು ಕೆಕ್ಕರಿಸಿ ನೋಡಿದಳು. ಗುರುತಿಲ್ಲ, ಪರಿಚಯವಿಲ್ಲ, ಬಂದವನೇ ಅಪ್ಪಣೆ ಬೇರೆ!

"ನೀವ್ಯಾರು ಹೇಳೋಕೆ?"

"ಇದೇ ವಿಶ್ವವಿದ್ಯಾಲಯದ ಪೇಟೆಂಟ್ ವಿಭಾಗದವನು. ಅರ್ಜಿ ಹಾಕೋ ಮುಂಚೆ ನಾಲ್ಕು ಜನರ ಎದುರು ಹೇಳಿಬಿಟ್ರೆ ಪೇಟೆಂಟ್ ಸಿಗಲ್ಲ. ಪೇಟೆಂಟ್ ಇಲ್ಲದ ಔಷಧಿನ ಯಾವ ಕಂಪನಿನೂ ಮುಟ್ಟಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಸಮ್ಮೇಳನದ ಭಾಷಣ ಕೈಬಿಟ್ಟಳು. ತಾನು ಕಂಡುಹಿಡಿದ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಮಾಯಿಸುವ ಲೇಪ ಅಂಗಡಿಗೆ ಬರಲೇಬೇಕಿತ್ತು. ಮೂವತ್ತು ವರ್ಷ ಬಸ್ಸು ಓಡಿಸಿದ ಅಪ್ಪ, ಅಂಥದೇ ಹುಣ್ಣಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಮನೆಯಲ್ಲಿ ಕಾಯುತ್ತಿದ್ದರು. ರೋಗಿಗಳ ಮೇಲೆ ಪರೀಕ್ಷೆ ಮುಗಿಯದೆ ಅವರಿಗೆ ಹಚ್ಚುವಂತಿರಲಿಲ್ಲ, ಆ ಪರೀಕ್ಷೆ ನಡೆಸಲು ಕಂಪನಿಯೇ ಬೇಕಿತ್ತು.

ಅರ್ಜಿಯ ನೆಪದಲ್ಲಿ ಅವನು ಮನೆಗೂ ಬರತೊಡಗಿದ.

"ಏನ್ ಫೈಲ್ ಸಾಹೇಬ್ರೇ, ನನ್ನ ಕಾಲು ಎಷ್ಟನೇ ಪುಟದಲ್ಲಿದೆ?" ಎಂದು ಅಪ್ಪ ರೇಗಿಸುತ್ತಿದ್ದರು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಸಂಜೆಯಾದರೆ ಸಾಕು, ಅವಳ ಕಿವಿ ಬಾಗಿಲ ಕಡೆಗೇ... ಇವತ್ತೂ ಬರ್ತಾನಾ?

ಎಂಟು ತಿಂಗಳ ನಂತರ ಒಂದು ಬೆಳಗ್ಗೆ ಪೇಟೆಂಟ್ ವಿಭಾಗಕ್ಕೆ ಹೋದರೆ ಅವನ ಕುರ್ಚಿಯಲ್ಲಿ ಬೇರೊಬ್ಬರಿದ್ದರು.

"ಅವರು ನಿಮ್ಮ ಫೈಲ್ ಬಿಟ್ಟುಕೊಟ್ರು ಮೇಡಂ. ಇನ್ಮೇಲೆ ನಾನೇ ನೋಡ್ಕೋತೀನಿ."

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಹೊಸಬರು ಲೇಪದ ಪೂರ್ತಿ ಹಕ್ಕನ್ನು ಒಂದು ದೊಡ್ಡ ಕಂಪನಿಗೆ ಕೊಟ್ಟರು. ಆ ಕಂಪನಿ ಆಗಲೇ ತನ್ನದೊಂದು ಲೇಪ ಮಾರುತ್ತಿತ್ತು. ಅದಕ್ಕೆ ಪೈಪೋಟಿ ಬೇಡವೆಂದು ಇವಳದನ್ನು ಮೂಲೆಗೆ ಹಾಕಿತು. ಪರೀಕ್ಷೆ ಶುರುವಾಗಲೇ ಇಲ್ಲ. ಮರುವರ್ಷ ಅಪ್ಪನ ಕಾಲು ತೆಗೆದರು. ಅದರ ಮರುವರ್ಷ ಅಪ್ಪನೇ ಹೋದರು.

ನಡುನೀರಲ್ಲಿ ಕೈಬಿಟ್ಟು ಹೋದನಲ್ಲ... ಎಂದು ಅವಳು ಅವನನ್ನು ಶಪಿಸದ ದಿನವಿರಲಿಲ್ಲ.

ಮೂರು ವರ್ಷದಲ್ಲಿ ಮಾರುಕಟ್ಟೆಗೆ ತರದಿದ್ದರೆ ಹಕ್ಕು ವಿಶ್ವವಿದ್ಯಾಲಯಕ್ಕೆ ವಾಪಸ್ಸು, ಒಪ್ಪಂದ ಹಾಗಿತ್ತು. ಆ ಗಡುವು ಮುಗಿದಾಗ ವಾಪಸಾತಿ ಪತ್ರಕ್ಕೆ ಸಹಿ ಹಾಕಲು ಹೋದವಳ ಮುಂದೆ ಗುಮಾಸ್ತೆ ಇಡೀ ಫೈಲ್ ತಂದಿಟ್ಟಳು. ಪುಟ ತಿರುಗಿಸುತ್ತಿದ್ದವಳ ಕೈ ಒಂದು ಹಳೆಯ ಫಾರಂ ಮೇಲೆ ನಿಂತಿತು. ಕೆಳಗೆ ಅವನ ಸಹಿ.

ಏಳನೇ ಪ್ರಶ್ನೆ: ಸಂಶೋಧಕರೊಂದಿಗೆ ನಿಮಗೆ ವೈಯಕ್ತಿಕ ಸಂಬಂಧ ಇದೆಯೇ?

'ಇದೆ. ಪ್ರೀತಿಸುತ್ತಿದ್ದೇನೆ. ಅವರಿಗೆ ಗೊತ್ತಿಲ್ಲ, ಅವರ ಕಡೆಯಿಂದ ಏನೂ ಇಲ್ಲ. ಆದ್ದರಿಂದ ಈ ಫೈಲ್ ನಾನು ನೋಡುವುದು ಸರಿಯಲ್ಲ.'

ಅಕ್ಷರಗಳು ಮಂಜಾದವು. ಅವನೆಲ್ಲಿ ಎಂದು ಗುಮಾಸ್ತೆಯನ್ನು ಕೇಳಿ, ಫಾರಂ ಹಿಡಿದೇ ಕೆಳಮಹಡಿಯ ದಾಖಲೆ ಕೋಣೆಗೆ ಓಡಿದಳು. ಅವನು ಅಲ್ಲೇ ಇದ್ದ, ಕಪಾಟಿನ ಮುಂದೆ, ಮೊದಲಿಗಿಂತ ಸೊರಗಿ.

"ಇಲ್ಲ ಅಂತ ಒಂದು ಸುಳ್ಳು ಬರೆಯೋಕೆ ಆಗ್ಲಿಲ್ವಾ ನಿಮಗೆ?"

ಫಾರಂ ನೋಡಿ ಅವನ ಮುಖ ಕಪ್ಪಿಟ್ಟಿತು.

"ಬರೆದಿದ್ರೆ ಫೈಲ್ ನನ್ನ ಹತ್ರಾನೇ ಇರ್ತಿತ್ತು. ಆ ಕಂಪನಿ ಚಾಳಿ ನಂಗೆ ಗೊತ್ತಿತ್ತು, ಕೊಡ್ತಿರ್ಲಿಲ್ಲ. ಫಾರಂ ಕೊಟ್ಮೇಲೆ, ಕಂಪನಿಗೆ ಹಕ್ಕು ಕೊಡೋವರೆಗೂ ನಿಮ್ಮ ಹತ್ರ ಮಾತಾಡೋ ಹಾಗಿರ್ಲಿಲ್ಲ, ನಿಯಮ. ಅದಾದ್ಮೇಲೆ ನಿಮ್ಮಪ್ಪನ ಕಾಲು..." ಅವನು ಕಪಾಟಿನ ಕಡೆಗೆ ಮುಖ ತಿರುಗಿಸಿದ. "ಯಾವ ಮುಖ ಇಟ್ಕೊಂಡು ಬರ್ಲಿ?"

ನಿಮ್ಮ ತಪ್ಪಲ್ಲ ಎನ್ನಬೇಕೆಂದುಕೊಂಡಳು. ಆದರೆ ಅಪ್ಪನ ಖಾಲಿ ಸ್ಟೂಲು ಕಣ್ಣಮುಂದೆ ಬಂತು, ಅಲ್ಲೇ ಕುಸಿದು ಅತ್ತಳು.

"ಅಪ್ಪ ಕೊನೇವರೆಗೂ ನಿಮ್ಮನ್ನ ಕೇಳ್ತಿದ್ರು. ನಾನು ಬೈತಿದ್ದೆ. ಅವನು ಹಾಗೆಲ್ಲ ಬಿಟ್ಟು ಹೋಗೋನಲ್ಲ ಕಣೇ ಅಂತಿದ್ರು..."

ಅವನು ಪಕ್ಕದಲ್ಲಿ ಕೂತು ಮುಖ ಮುಚ್ಚಿಕೊಂಡ.

"ಇನ್ನೊಂದು ಕಂಪನಿ ಬಂದಿದೆ, ಚಿಕ್ಕದು," ಎಂದ ಕೊನೆಗೆ. "ಫೈಲ್ ನಂಗೇ ಕೊಡ್ತಾರಂತೆ. ಅದೇ ಫಾರಂ ಮತ್ತೆ ತುಂಬಬೇಕು. ಈ ಸಲ ಇಲ್ಲ ಅಂತಾನೇ ಬರೀತೀನಿ."

"ಬೇಡ. ಫೈಲ್ ಬೇರೆಯವರು ನೋಡ್ಲಿ. ಪ್ರತಿ ಸಾಲು ಓದಿ ಸಹಿ ಹಾಕೋಕೆ ಈಗ ನಂಗೂ ಬರುತ್ತೆ. ನೀವು ನಿಜಾನೇ ಬರೀರಿ."

"ಮೊದಲು ಬರೆದದ್ದೇನಾ?"

"ಅದರಲ್ಲಿ ಒಂದು ಮಾತು ಸುಳ್ಳಿತ್ತು." ಅವಳು ಕಣ್ಣೊರೆಸಿಕೊಂಡಳು. "ಅವರ ಕಡೆಯಿಂದ ಏನೂ ಇಲ್ಲ ಅಂತ."

ಅವನು ತಲೆಯೆತ್ತಿ ನೋಡಿದ. "ನಂಗೆ ಗೊತ್ತಿರ್ಲಿಲ್ಲ..."

"ನೀವು ಫಾರಂಗೆ ಹೇಳಿದ್ರಿ. ನನ್ನನ್ನ ಕೇಳ್ಲೇ ಇಲ್ಲ."