ಬೇಲಿಯಾಚೆ ಸಿಕ್ಕ ಉಂಗುರ

ಒಬ್ಬ ಹುಡುಗನನ್ನು ಗಂಡಸು ಮಾಡಲು ಈಸ್ಟರ್ನ್ ಕೇಪಿನ ಲುಟೆನಿ ಎಂಬ ಹಳ್ಳಿಯಲ್ಲಿ ಒಂದು ಆಡು, ಒಂದು ಹೊಸ ಕಂಬಳಿ, ಎರಡು ಬಾಟಲಿ ಬ್ರಾಂದಿ ಬೇಕು. ಅಲ್ಲಿ ಜೂನ್-ಜುಲೈಯ ಚಳಿಗಾಲದಲ್ಲಿ ಹಿರಿಯರು ಭರ್ಜಿಯಿಂದ ಸುನ್ನತಿ ಮಾಡುವುದು ಪದ್ಧತಿ. ಈ ಚಳಿಗಾಲ ಕ್ಲಿನಿಕ್ಕಿನವರು ಸುನ್ನತಿಯ ಪ್ಲಾಸ್ಟಿಕ್ ಉಂಗುರವನ್ನು ಪುಕ್ಕಟೆ ಕೊಟ್ಟಿದ್ದರು. ವಾರವಿಡೀ ಅದು ಬಿಗಿಯಾಗಿ ಕೂತರೆ ತೊಗಲು ತಾನಾಗಿ ಸಾಯುತ್ತದೆ. ಆಮೇಲೆ ನರ್ಸೇ ಬಂದು ತೆಗೆಯಬೇಕು. ನಡುವೆ ಕಿತ್ತರೆ ಬಾವು ಏರಿ ಮೂತ್ರ ಕಟ್ಟುತ್ತದೆ, ಮಾಂಸ ಕೊಳೆಯುತ್ತದೆ.

ಜುಲೈ ಮೂರರ ಬೆಳಿಗ್ಗೆ ಸಿವಿವೆಯ ತಾಯಿ ಠಾಣೆಗೆ ಬಂದಳು. ಹತ್ತೊಂಬತ್ತರ ಮಗ ಆಸ್ಪತ್ರೆಯಲ್ಲಿ ಜ್ವರದಿಂದ ಬೇಯುತ್ತಿದ್ದ. ಯಾರೋ ಮೂರನೇ ದಿನಕ್ಕೇ ಅವನ ಉಂಗುರ ಕತ್ತರಿಸಿದ್ದರು.

"ಯಾರಂತೆ?" ಕ್ಯಾಪ್ಟನ್ ನೊಲುಂಡಿ ಕೇಳಿದಳು.

"ಬಾಯೇ ಬಿಡ್ತಿಲ್ಲ ಮೇಡಂ. ಹೆಂಗಸರ ಹತ್ರ ಹೇಳೋ ಮಾತಲ್ಲ ಅಂತಾನೆ. ಹೆತ್ತೋಳ ಹತ್ರಾನೂ!"

ಅಪರಿಚಿತರ ಮೇಲೆ ದೂರು ದಾಖಲಾಯಿತು.

ಗುಡ್ಡದಾಚೆ, ಸುನ್ನತಿಯಾದ ಹುಡುಗರನ್ನು ಗಾಯ ಮಾಯುವವರೆಗೆ ಇರಿಸುವ ಗುಡಿಸಲಿನ ಮುಳ್ಳುಬೇಲಿಯ ಬಳಿ, ಅದರ ಹಿರಿಯ ಜೊಲಿಲೆ ಕೋಲು ಅಡ್ಡ ಹಿಡಿದ.

"ಪೇದೆ ಬರ್ಲಿ. ನೀನು ಅಲ್ಲೇ ನಿಲ್ಲು ಮಗಳೇ."

"ನಾನು ಕ್ಯಾಪ್ಟನ್, ಅಜ್ಜಾ."

"ಜನರಲ್ ಬೇಕಾದ್ರೂ ಆಗು, ಯಾರು ಬೇಡ ಅಂದ್ರು? ಪ್ಯಾಂಟು ಹಾಕ್ಕೊಂಡ್ರೆ ಹೆಂಗಸು ಗಂಡಸಾಗ್ತಾಳಾ?"

ಪೇದೆ ಮ್ಜಿಮಾಸಿ ಒಳಗೆ ಹೋಗಿ, ತಲೆ ತಗ್ಗಿಸಿಕೊಂಡು ಹೊರಬಂದ.

"ಏನ್ ಸಿಕ್ತು?"

"ಏನೂ ಇಲ್ಲ."

"ಹುಡುಗರು ಏನಂದ್ರು?"

"ಅದನ್ನ ನಿಮಗೆ ಹೇಳಂಗಿಲ್ಲ ಮೇಡಂ. ನಾನೂ ಇಲ್ಲೇ ಗಂಡಸಾದೋನು."

ನೊಲುಂಡಿ ಗದರಲಿಲ್ಲ. ಹೊರಗೇ ನಿಲ್ಲಿಸಿದ್ದಾರೆ, ಸರಿ, ಹೊರಗೇ ಹುಡುಕೋಣವೆಂದು ಬೇಲಿಯ ಸುತ್ತ ನಡೆದಳು. ಹಿಂಬದಿಯ ಲೋಳೆಸರದ ಪೊದೆಯಡಿ ತುಂಡಾದ ಉಂಗುರ ಬಿದ್ದಿತ್ತು. ಪಕ್ಕದಲ್ಲಿ ರಕ್ತ ಒಣಗಿದ ಹುಲ್ಲು, ತಂತಿ ಕತ್ತರಿಸುವ ಇಕ್ಕಳ. ಜೊಲಿಲೆಯನ್ನೇ ಸಾಕ್ಷಿಯಾಗಿ ಕರೆದು ಪಂಚನಾಮೆ ಬರೆಸಿದಳು.

"ಅಜ್ಜಾ, ಒಳಗೆ ಹೋಗಬಲ್ಲೋನು ಇದನ್ನ ಹೊರಗ್ಯಾಕೆ ಕತ್ತರಿಸ್ತಾನೆ?"

ಮುದುಕ ಬೇಲಿಯ ಕಡೆ ತಿರುಗಿ ನೋಡಿದ.

"ಬೇಲಿ ಹೊರಗೆ ನಿಲ್ಲೋರು ಯಾರ್ಯಾರು?"

"ಹೆಂಗಸರು. ಚಿಕ್ಕ ಹುಡುಗರು. ಇನ್ನು... ಸಿವಿವೆ ಅಪ್ಪ, ವುಯಿಸಿಲೆ. ಅವ್ನು ಆಸ್ಪತ್ರೆ ಗಂಡಸು, ಅವ್ನನ್ನೂ ಒಳಗೆ ಬಿಡಲ್ಲ."

ತನ್ನ ಮನೆಯಂಗಳದಲ್ಲಿ ಇಕ್ಕಳ ನೋಡಿದ ಕೂಡಲೇ ವುಯಿಸಿಲೆ ಒಪ್ಪಿಕೊಂಡ.

"ನಂದೇ. ಮಗನ್ನ ಬೇಲಿ ಹತ್ರ ನಾನೇ ಕರೆದೆ, ಬಂದ."

"ಯಾಕೆ ಹಿಂಗ್ ಮಾಡಿದೆ?"

"ನಂಗೆ ಆಸ್ಪತ್ರೇಲಿ ಕತ್ತರಿಸಿದ್ರು. ಇವತ್ತಿಗೂ ಹುಡುಗರ ತಟ್ಟೇಲೇ ಮಾಂಸ ಹಾಕ್ತಾರೆ. ನನ್ನ ಮಗನ ವಯಸ್ಸಿನೋರು 'ಏ ಹುಡುಗಾ, ನೀರು ತಾ' ಅಂತಾರೆ. ಅವನಿಗೂ ಕ್ಲಿನಿಕ್ಕಿನ ಉಂಗುರ ಅಂತ ಗೊತ್ತಾಯ್ತು. ಕಿತ್ತಾಕಿದ್ರೆ ಅಜ್ಜ ಭರ್ಜೀಲೇ ಮಾಡ್ತಾನೆ ಅಂದ್ಕೊಂಡೆ."

ಸಂಜೆ ಬಂಧನವಾಯಿತು. ದೂರು ಕೊಟ್ಟ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಉಂಗುರ ಹಾಕಿಸಿಕೊಂಡವನೂ ಬೇಲಿಯೊಳಗೆ ದಿನ ಕಳೆದರೆ ಪೂರಾ ಗಂಡಸೇ ಎಂದು ಹಿರಿಯರು ಮೇ ತಿಂಗಳಲ್ಲೇ ತೀರ್ಮಾನಿಸಿದ್ದರು. ಅದನ್ನು ಸಾರಿದ್ದು ಗಂಡಸರ ಸಭೆಯಲ್ಲಿ. ಅಲ್ಲಿ ವುಯಿಸಿಲೆಗೆ ಜಾಗವಿರಲಿಲ್ಲ. ಯಾರೂ ಬಂದು ಅವನಿಗೆ ಹೇಳಲೂ ಇಲ್ಲ.

ಸಿವಿವೆ ಬದುಕಿದ. ಆದರೆ ಕೊಳೆತದ್ದನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಊರಿನ ಪಾಲಿಗೆ ಅವನೂ ಹುಡುಗನಾಗಿಯೇ ಉಳಿದ.